ತಕ್ಬೀರ್‌ಗೆ ಕೈ ಏಳುತ್ತಿಲ್ಲವೇ? ಮೊದಲು ಕಾರಣ ತಿಳಿಯಿರಿ

ಕೀಲು ಬಿಗಿಯುತ್ತಿರುವುದು ನಮಾಝ್ ಮಾಡುವವರಿಗೆ ಬೇಗ ಗೊತ್ತಾಗುತ್ತದೆ. ತಕ್ಬೀರ್ ಹೇಳುವಾಗ ಒಂದು ಕೈ ಇನ್ನೊಂದರಷ್ಟು ಮೇಲೇರುವುದಿಲ್ಲ. ಸುಜೂದ್‌ನಿಂದ ಏಳುವಾಗ ಮೊಣಕಾಲು ಹಿಡಿದುಕೊಳ್ಳುತ್ತದೆ. ಹೆಂಗಸರಿಗೆ ತಲೆ ಬಾಚುವಾಗ, ಬುರ್ಖಾದ ತೋಳಿಗೆ ಕೈ ಹಾಕುವಾಗ, ಮೇಲಿನ ಡಬ್ಬಿ ತೆಗೆಯುವಾಗ ಇದು ತಿಳಿಯುತ್ತದೆ. ಹೆಚ್ಚಿನವರು ‘ವಯಸ್ಸಾಯಿತು, ವಾಯು’ ಎಂದು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಆದರೆ ಬಿಗಿತ ಎಂಬುದು ಹಲವು ಕಾಯಿಲೆಗಳ ಲಕ್ಷಣ. ಕಾರಣ ಬೇರೆಯಾದಂತೆ ಚಿಕಿತ್ಸೆಯೂ ಬೇರೆಯಾಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ

ಭುಜದ ವಿಷಯದಲ್ಲಿ ಹೀಗೆ ಮಾಡಿ ನೋಡಿ. ಕೈಯನ್ನು ಸಡಿಲ ಬಿಡಿ. ಮನೆಯವರೊಬ್ಬರು ಅದನ್ನು ನಿಧಾನವಾಗಿ ಮೇಲೆತ್ತಲಿ. ನೋವು ಜಾಸ್ತಿಯಾದರೆ ನಿಲ್ಲಿಸಿ. ನಿಮ್ಮಷ್ಟಕ್ಕೆ ಏಳದ ಕೈ ಅವರು ಎತ್ತಿದಾಗ ಸುಲಭವಾಗಿ ಎದ್ದರೆ ಕೀಲು ಬಹುಶಃ ಸರಿಯಿದೆ. ಸ್ನಾಯು, ಅದನ್ನು ಎಲುಬಿಗೆ ಕಟ್ಟುವ ನಾರು ಅಥವಾ ನರದಲ್ಲಿ ತೊಂದರೆಯಿರಬಹುದು. ಅವರು ಎತ್ತಿದರೂ ಏಳದಿದ್ದರೆ, ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಲೂ ಆಗದಿದ್ದರೆ ಕೀಲೇ ಬಿಗಿದಿರುವ ಸಾಧ್ಯತೆ ಹೆಚ್ಚು.

ಭುಜದ ಕೀಲನ್ನು ಒಂದು ತೆಳುವಾದ ಚೀಲ ಸುತ್ತಿಕೊಂಡಿರುತ್ತದೆ. ಅದು ಉರಿಯೂತದಿಂದ ದಪ್ಪಗಾಗಿ ಕುಗ್ಗಿದರೆ ಕೈ ಎತ್ತ ತಿರುಗಿಸಲೂ ಆಗದು. ಇದೇ ಫ್ರೋಝನ್ ಶೋಲ್ಡರ್. ಯುನಾನಿಯಲ್ಲಿ ಕೀಲು ಕಲ್ಲಿನಂತೆ ಬಿಗಿಯುವುದಕ್ಕೆ ತಹಜ್ಜುರೆ ಮಫಾಸಿಲ್ ಎನ್ನುತ್ತಾರೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಮೊದಲ ಕೆಲವು ತಿಂಗಳು ನೋವು, ವಿಶೇಷವಾಗಿ ರಾತ್ರಿ. ಬಳಿಕ ನೋವು ಇಳಿದು ಬಿಗಿತ ಉಳಿಯುತ್ತದೆ. ಆಮೇಲೆ ನಿಧಾನವಾಗಿ ಸಡಿಲವಾಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು.

ಸಕ್ಕರೆ ಕಾಯಿಲೆಯ ನಂಟು

ಸಕ್ಕರೆ ಕಾಯಿಲೆ ಇರುವವರಿಗೆ ಫ್ರೋಝನ್ ಶೋಲ್ಡರ್ ಬರುವುದು ಇತರರಿಗಿಂತ ಹಲವು ಪಟ್ಟು ಹೆಚ್ಚು. ರಕ್ತದಲ್ಲಿ ಸಕ್ಕರೆ ಬಹುಕಾಲ ಏರಿದ್ದರೆ ಕೀಲಿನ ಸುತ್ತಲಿನ ನಾರುಗಳು ಗಡಸಾಗುತ್ತವೆ. ಎರಡೂ ಅಂಗೈಗಳನ್ನು ಒಂದಕ್ಕೊಂದು ಒತ್ತಿ ನೋಡಿ. ಬೆರಳುಗಳು ಪೂರ್ತಿ ತಾಗದೆ ನಡುವೆ ಸಂದು ಉಳಿದರೆ ವೈದ್ಯರಿಗೆ ತೋರಿಸಿ. ಭುಜ ಬಿಗಿದವರು ರಕ್ತದ ಸಕ್ಕರೆ, ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಎಷ್ಟೋ ಜನರಿಗೆ ಸಕ್ಕರೆ ಇರುವುದು ತಿಳಿಯುವುದೇ ಹೀಗೆ.

ಇತರ ಕಾರಣಗಳು

ಕುಳಿತು ಎದ್ದಾಗ ಮೊಣಕಾಲು ಬಿಗಿದು, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾದರೆ ಸಾಮಾನ್ಯವಾಗಿ ಅದು ಸವೆತ. ಫಜ್ರ್‌ಗೆ ಎದ್ದಾಗ ಎರಡೂ ಕೈಗಳ ಬೆರಳಿನ ಕೀಲುಗಳು ಊದಿಕೊಂಡು, ಬಿಗಿತ ಒಂದು ಗಂಟೆಯಾದರೂ ಬಿಡದಿದ್ದರೆ ಆಮವಾತದ ಶಂಕೆ. ಅದಕ್ಕೆ ಬೇಗ ಚಿಕಿತ್ಸೆ ಸಿಗದಿದ್ದರೆ ಕೀಲು ಶಾಶ್ವತವಾಗಿ ಸೊಟ್ಟಗಾಗಬಹುದು. ಮೊಣಕಾಲು ತಿರುಚಿ ಬಿದ್ದ ಬಳಿಕ ಮಡಚಿದಲ್ಲೇ ಸಿಕ್ಕಿಕೊಂಡರೆ ಒಳಗಿನ ಮೆತ್ತೆ ಹರಿದಿರಬಹುದು. ಮೂಳೆ ಮುರಿದು ಪಟ್ಟಿ ಕಟ್ಟಿಕೊಂಡವರಲ್ಲಿ ಅಲುಗಾಡಿಸದೆ ಇಟ್ಟದ್ದರಿಂದಲೇ ಕೀಲು ಬಿಗಿಯುವುದುಂಟು.

ಏನು ಮಾಡಬೇಕು?

ಬಲವಂತವಾಗಿ ಎಳೆಸಿಕೊಳ್ಳಬೇಡಿ. ಪೂರ್ತಿ ವಿಶ್ರಾಂತಿಯೂ ಬೇಡ. ಭುಜ ಬಿಗಿದವರು ಮುಂದೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸಿ. ಗೋಡೆಯ ಮೇಲೆ ಬೆರಳುಗಳನ್ನು ‘ಹತ್ತಿಸಿ’. ದಿನಕ್ಕೆ ಮೂರು ಬಾರಿ, ನೋವು ತಾಳಬಲ್ಲಷ್ಟು ಮಾತ್ರ. ಯುನಾನಿಯಲ್ಲಿ ಕಾವು ಕೊಡುವ ತಕ್ಮೀದ್, ತೈಲ ತಿಕ್ಕುವ ದಲ್ಕ್ ಮತ್ತು ವ್ಯಾಯಾಮ ಅಂದರೆ ರಿಯಾಝತ್ ಇದಕ್ಕೆ ಬಳಕೆಯಲ್ಲಿವೆ. ಸಕ್ಕರೆಯಿಂದ ಸ್ಪರ್ಶ ಕಡಿಮೆಯಾದವರು ಕಾವು ಕೊಡುವಾಗ ಸುಟ್ಟುಕೊಳ್ಳದಂತೆ ಎಚ್ಚರವಿರಲಿ. ಸೂರಂಜಾನ್ ನೋವಿನ ಹಳೆಯ ಔಷಧಿ. ಆದರೆ ಅದರ ಕಹಿ ಬಗೆ ವಿಷಕಾರಿ. ಹಕೀಮರ ಸಲಹೆ ಇಲ್ಲದೆ ಸೇವಿಸಬಾರದು. ಹೆಸರಿಲ್ಲದ ‘ಸಂಧಿವಾತದ ಪುಡಿ’ಗಳಿಂದ ದೂರವಿರಿ. ಇಂಥ ಕೆಲವದರಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ನೋವು ಕೂಡಲೇ ಮಾಯವಾಗುತ್ತದೆ, ಸಕ್ಕರೆ ಮಾತ್ರ ಏರುತ್ತದೆ. ಸಕ್ಕರೆ, ಬಿಪಿ ಮಾತ್ರೆಗಳನ್ನು ನಿಲ್ಲಿಸಬೇಡಿ.

ತಡಮಾಡಬಾರದ ಸಂದರ್ಭಗಳು

ಒಂದೇ ಕೀಲು ಕೆಂಪಾಗಿ ಊದಿ, ಬಿಸಿಯಾಗಿ, ಜ್ವರವೂ ಬಂದರೆ ಕೀಲಿನಲ್ಲಿ ಸೋಂಕಿರಬಹುದು. ಕೈ ಥಟ್ಟನೆ ಬಲ ಕಳೆದುಕೊಂಡು, ಬಾಯಿ ಸೊಟ್ಟಗಾಗಿ ಮಾತು ತೊದಲಿದರೆ ಅದು ಪಾರ್ಶ್ವವಾಯು. ಭುಜನೋವಿನೊಂದಿಗೆ ಎದೆ ಬಿಗಿದು ಬೆವರಿದರೆ ಹೃದಯಾಘಾತದ ಶಂಕೆ. ಇವುಗಳಲ್ಲಿ ಎಣ್ಣೆ, ಕಾವು, ಹಿಜಾಮಾ ಎಂದು ಕಾಯಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ.

ಕೀಲು ಅನುಮತಿಸದಾಗ ಕುಳಿತು, ಸನ್ನೆಯಿಂದ ನಮಾಝ್ ಮಾಡುವ ರಿಯಾಯಿತಿ ದೀನ್‌ನಲ್ಲಿದೆ. ವಿವರವನ್ನು ಉಲಮಾಗಳಲ್ಲಿ ಕೇಳಿ. ಆದರೆ ಮನೆಯ ಹಿರಿಯರು ಕುರ್ಚಿ ಕೇಳಿದ ದಿನ, ಕುರ್ಚಿ ಕೊಟ್ಟು ಸುಮ್ಮನಾಗಬೇಡಿ. ಕಾರಣವೇನೆಂದು ವೈದ್ಯರಲ್ಲಿ ತೋರಿಸಿ. ಅಲ್ಲಾಹನು ಎಲ್ಲರಿಗೂ ಶಿಫಾ ಕರುಣಿಸಲಿ.