ಬಂಡೆ ಮಣ್ಣಾಗುವ ಬಗೆ

ಎಂದೆಂದಿಗೂ ಅಳಿಯದ ಮಾತನ್ನು ನಾವು ಶಿಲಾಶಾಸನವೆನ್ನುತ್ತೇವೆ. ಆದರೆ ಊರ ಹೊರಗೆ ಬಯಲಿನಲ್ಲಿ ನಿಂತಿರುವ ಹಳೆಯ ವೀರಗಲ್ಲನ್ನು ಪರೀಕ್ಷಿಸಿದರೆ, ಅಕ್ಷರಗಳ ಅಂಚು ಸವೆದು, ಕೆಲವು ಸಾಲುಗಳು ಓದಲು ಬಾರದಂತಾಗಿರುವುದನ್ನು ಕಾಣುತ್ತೇವೆ. ಶಿಲೆಯು ತಾನಿದ್ದ ಸ್ಥಳದಲ್ಲಿಯೇ ಹೀಗೆ ಜೀರ್ಣವಾಗುವುದಕ್ಕೆ ಭೂವಿಜ್ಞಾನದಲ್ಲಿ ಶಿಥಿಲೀಕರಣವೆಂದು ಹೆಸರು. ಇದು ನಮಗೆ ನಷ್ಟವೋ ಲಾಭವೋ ಎಂಬುದನ್ನು ವಿಚಾರಿಸೋಣ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಬಂಡೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನೈಸ್ ಎಂಬ ಜಾತಿಯ ಈ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷಗಳು. ಇದು ರೂಪುಗೊಂಡದ್ದು ಭೂಮಿಯ ಆಳದಲ್ಲಿ, ಅಪಾರವಾದ ಭಾರದ ಕೆಳಗೆ. ಮೇಲಿನ ಪದರಗಳು ಕಾಲಕ್ರಮದಲ್ಲಿ ಕೊಚ್ಚಿಹೋಗಿ ಭಾರವಿಳಿದಾಗ, ಇಂತಹ ಶಿಲೆಯು ಹಿಗ್ಗಿ ಪದರಪದರವಾಗಿ ಬಿರುಕುಬಿಡುತ್ತದೆ. ಬಿಸಿಲಿನ ಕಾವೂ ಇದಕ್ಕೆ ನೆರವಾಗುತ್ತದೆ. ಬಂಡೆಯ ಮೇಲೆ ಸೌದೆಯನ್ನುರಿಸಿ ಚಪ್ಪಡಿಯೆಬ್ಬಿಸುವ ನಮ್ಮ ಕಲ್ಲುಕುಟಿಗರು, ಕಾದ ಕಲ್ಲು ಹಿಗ್ಗುವುದೆಂಬ ಸಂಗತಿಯನ್ನು ಬಹುಕಾಲದಿಂದ ಬಲ್ಲರು. ಬಿರುಕಿನಲ್ಲಿ ಬಿದ್ದ ಅರಳಿಯ ಬೀಜವು ಮೊಳೆತು, ಅದರ ಬೇರು ಬೆಣೆಯಂತೆ ಬಂಡೆಯನ್ನು ಸೀಳುತ್ತದೆ. ಹಿಮಾಲಯದಂತಹ ಶೀತಪ್ರದೇಶಗಳಲ್ಲಿ ಬಿರುಕಿನ ನೀರು ಹೆಪ್ಪುಗಟ್ಟುವಾಗ ನೂರಕ್ಕೆ 9ರಷ್ಟು ಹಿಗ್ಗಿ ಇದೇ ಕೆಲಸವನ್ನು ಮಾಡುತ್ತದೆ. ಇವೆಲ್ಲವೂ ಭೌತಿಕ ಕ್ರಿಯೆಗಳು; ಕಲ್ಲು ಚೂರಾದರೂ ಅದರ ದ್ರವ್ಯವು ಬದಲಾಗುವುದಿಲ್ಲ.

ದ್ರವ್ಯವನ್ನು ಬದಲಿಸುವುದು ರಾಸಾಯನಿಕ ಕ್ರಿಯೆ. ಮಳೆಯ ನೀರು ಗಾಳಿಯಲ್ಲಿಯೂ ನೆಲದಲ್ಲಿಯೂ ಇರುವ ಇಂಗಾಲದ ಡೈ ಆಕ್ಸೈಡನ್ನು ಹೀರಿ ಸೌಮ್ಯವಾದ ಆಮ್ಲವಾಗುತ್ತದೆ. ಅದು ಶಿಲೆಯಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವನ್ನು ಮೆಲ್ಲಮೆಲ್ಲನೆ ಜೇಡಿಯನ್ನಾಗಿ ಮಾರ್ಪಡಿಸಿ, ಸಸ್ಯಗಳಿಗೆ ಬೇಕಾದ ಪೊಟ್ಯಾಸಿಯಂ ಮೊದಲಾದುವನ್ನು ಬಿಡಿಸುತ್ತದೆ. ಕಪ್ಪು ಅಭ್ರಕದಲ್ಲಿರುವ ಕಬ್ಬಿಣವು ತುಕ್ಕು ಹಿಡಿದು ನಮ್ಮ ಕೆಮ್ಮಣ್ಣಿಗೆ ಬಣ್ಣ ಕೊಡುತ್ತದೆ. ಬೆಣಚು ಮಾತ್ರ ಸುಲಭವಾಗಿ ಬಗ್ಗದೆ ಮರಳಾಗಿ ಉಳಿಯುತ್ತದೆ.

ಈ ಎರಡು ಕ್ರಿಯೆಗಳೂ ಒಂದಕ್ಕೊಂದು ಸಹಾಯಕ. ಪ್ರತಿ ಪಕ್ಕವೂ ಒಂದಡಿಯಿರುವ ಘನಾಕಾರದ ಕಲ್ಲಿನ ಹೊರಮೈ 6 ಚದರಡಿ. ಅದನ್ನು ಒಂದಂಗುಲದ ಘನಗಳಾಗಿ ಒಡೆದರೆ 1,728 ತುಂಡುಗಳಾಗಿ, ಹೊರಮೈ 72 ಚದರಡಿಯಾಗುತ್ತದೆ. ಒಡೆದಷ್ಟೂ ನೀರಿಗೆ ಎಡೆ ಹೆಚ್ಚು. ಚೌಕನಾದ ಬಂಡೆಯ ಮೂಲೆಗೆ ಮೂರು ಕಡೆಯಿಂದ ನೀರು ತಾಗುವುದರಿಂದ ಮೂಲೆಗಳೇ ಮೊದಲು ಕರಗುತ್ತವೆ. ಹಂಪೆಯ ಗುಂಡುಗಳು ದುಂಡಗಾದುದು ಬಹುಮಟ್ಟಿಗೆ ಹೀಗೆಯೇ.

ಮಳೆಯೂ ಸೆಕೆಯೂ ಅಧಿಕವಾದ ಪಶ್ಚಿಮ ಕರಾವಳಿಯಲ್ಲಿ ಈ ಕ್ರಿಯೆಯು ಇನ್ನೂ ಮುಂದುವರಿಯುತ್ತದೆ. ಅಲ್ಲಿ ಸಿಲಿಕವೂ ಬಹುಪಾಲು ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳು ಉಳಿದು ಮುರಕಲ್ಲಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬಾತನು ಮಲಬಾರಿನಲ್ಲಿ ಇದನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಕರೆದನು. ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದವೇ ಇದಕ್ಕೆ ಮೂಲ.

ಹೀಗೆ ಬಂಡೆಯ ನಾಶವೇ ಹೊಲದ ಹುಟ್ಟು. ಶಿಲೆಗಳು ನಿಜವಾಗಿಯೂ ಶಾಶ್ವತವಾಗಿದ್ದರೆ ಭೂಮಿಯಲ್ಲಿ ಪೈರಿಗೆ ನೆಲೆಯೇ ಇರುತ್ತಿರಲಿಲ್ಲ. ಆದರೆ ಒಂದಂಗುಲ ದಪ್ಪ ಮಣ್ಣು ಆಗುವುದಕ್ಕೆ ನೂರಾರು ವರ್ಷಗಳು ಬೇಕು. ಮರಗಿಡಗಳನ್ನು ಕಳೆದುಕೊಂಡ ಇಳಿಜಾರಿನಲ್ಲಿ ಅದು ಕೆಲವೇ ಮಳೆಗಾಲಗಳಲ್ಲಿ ಕೊಚ್ಚಿಹೋಗಿ ಕೆರೆಯ ಹೂಳಾಗಬಹುದು. ಕೆರೆಗೆ ಹರಿದುಬರುವ ಕೆನ್ನೀರನ್ನು ಕಂಡಾಗ, ಯುಗಗಳ ಗಳಿಕೆಯು ಹರಿದುಹೋಗುತ್ತಿದೆಯೆಂಬುದನ್ನು ನಾವು ತಿಳಿಯಬೇಕು. ಹೊಲಕ್ಕೆ ಬದು ಹಾಕುವ ರೈತನೂ ಗುಡ್ಡದ ಮೇಲಿನ ಹಸುರನ್ನು ಉಳಿಸುವ ಊರೂ ಆ ಗಳಿಕೆಯನ್ನು ಕಾಯುತ್ತವೆ.