ಒಂದೇ ಏಣಿಗೆ ಒಗ್ಗದ ಆಯ್ಕೆಗಳು

ಒಂದು ಶಾಲೆಗೆ ಸ್ವಲ್ಪ ಹಣ ಬಂದಿದೆಯೆಂದು ಇಟ್ಟುಕೊಳ್ಳೋಣ. ಅದರಿಂದ ಗ್ರಂಥಾಲಯವಾಗಬೇಕೋ, ಕಂಪ್ಯೂಟರ್ ಕೊಠಡಿಯಾಗಬೇಕೋ, ಆಟದ ಬಯಲಾಗಬೇಕೋ ಎಂಬುದನ್ನು ರಕ್ಷಕ-ಶಿಕ್ಷಕ ಸಂಘವು ತೀರ್ಮಾನಿಸಬೇಕು. ಸಭೆಯಲ್ಲಿ ಸರಿಸಮ ಬಲದ ಮೂರು ಗುಂಪುಗಳಿವೆ. ಮೊದಲನೆಯದಕ್ಕೆ ಗ್ರಂಥಾಲಯ ಮುಖ್ಯ, ಆಮೇಲೆ ಕಂಪ್ಯೂಟರ್, ಕೊನೆಗೆ ಬಯಲು. ಎರಡನೆಯದಕ್ಕೆ ಕಂಪ್ಯೂಟರ್, ಬಯಲು, ಗ್ರಂಥಾಲಯ ಎಂಬ ಕ್ರಮ. ಮೂರನೆಯದಕ್ಕೆ ಬಯಲು, ಗ್ರಂಥಾಲಯ, ಕಂಪ್ಯೂಟರ್.

ಎರಡೆರಡನ್ನೇ ಮತಕ್ಕೆ ಹಾಕಿದಾಗ ವಿಚಿತ್ರವೊಂದು ಕಾಣುತ್ತದೆ. ಕಂಪ್ಯೂಟರಿಗಿಂತ ಗ್ರಂಥಾಲಯವೇ ಲೇಸೆಂದು ಎರಡು ಗುಂಪುಗಳು ಹೇಳುತ್ತವೆ. ಬಯಲಿಗಿಂತ ಕಂಪ್ಯೂಟರ್ ಲೇಸೆನ್ನುವವೂ ಎರಡು. ಹಾಗಾದರೆ ಬಯಲನ್ನು ಗ್ರಂಥಾಲಯ ಸೋಲಿಸಲೇಬೇಕಲ್ಲವೆ? ಇಲ್ಲ, ಗ್ರಂಥಾಲಯಕ್ಕಿಂತ ಬಯಲೇ ಬೇಕೆನ್ನುವವು ಎರಡು ಗುಂಪುಗಳು! ಯಾರೊಬ್ಬರ ಮಾತಿನಲ್ಲಿಯೂ ಗೊಂದಲವಿಲ್ಲ, ಸಭೆಯ ಮಾತು ಮಾತ್ರ ಚಕ್ರದಂತೆ ಸುತ್ತುತ್ತದೆ. ಬಹುಮತದ ತೀರ್ಮಾನಗಳನ್ನು ಸಂಭವನೀಯತೆಯ ಗಣಿತದಿಂದ ಪರೀಕ್ಷಿಸಿದ ತನ್ನ 1785ರ ಗ್ರಂಥದಲ್ಲಿ ಫ್ರಾನ್ಸಿನ ಕೊಂದೊರ್ಸೆ ಈ ಒಗಟನ್ನು ವಿವರಿಸಿದನು.

ಇದನ್ನು ಬರಿಯ ವಿನೋದವೆಂದು ತಳ್ಳಿಹಾಕುವಂತಿಲ್ಲ. ಮೊದಲು ಗ್ರಂಥಾಲಯ ಮತ್ತು ಕಂಪ್ಯೂಟರಿನ ನಡುವೆ ಮತ ಹಾಕಿಸಿ, ಗೆದ್ದುದನ್ನು ಬಯಲಿನ ಎದುರು ನಿಲ್ಲಿಸಿದರೆ ಬಯಲು ಗೆಲ್ಲುತ್ತದೆ. ಕಂಪ್ಯೂಟರ್ ಮತ್ತು ಬಯಲಿನಿಂದ ಆರಂಭಿಸಿದರೆ ಗ್ರಂಥಾಲಯಕ್ಕೆ ಜಯ. ಬಯಲು ಮತ್ತು ಗ್ರಂಥಾಲಯದಿಂದ ಹೊರಟರೆ ಕಂಪ್ಯೂಟರಿಗೆ. ಒಂದು ಮತವೂ ಬದಲಾಗಲಿಲ್ಲ. ಕಾರ್ಯಸೂಚಿ ಬರೆದ ಕೈಯೇ ಫಲವನ್ನು ನಿರ್ಣಯಿಸಿತು. ಸಂಖ್ಯೆಯಲ್ಲಿ ಕಡಮೆಯಿರುವ ಸಮುದಾಯಗಳು ಮತದಾನದ ದಿನಕ್ಕಿಂತಲೂ ವಿಷಯಗಳ ಸರದಿ ಗೊತ್ತಾಗುವ ದಿನ ಎಚ್ಚರದಿಂದಿರುವುದು ಒಳ್ಳೆಯದು.

ಇಂದು ಇದೇ ತೊಡಕು ಯಂತ್ರಕಲಿಕೆಯ ಅಂಗಳಕ್ಕೆ ಬಂದಿದೆ. ಮಕ್ಕಳು ಪ್ರಶ್ನೆ ಕೇಳುವ ಚಾಟ್‌ಬಾಟ್‌ಗಳನ್ನು ತಿದ್ದುವಾಗ, ಒಂದೇ ಪ್ರಶ್ನೆಗೆ ಎರಡು ಉತ್ತರಗಳನ್ನು ಜನರಿಗೆ ತೋರಿಸಿ ಯಾವುದು ಮೇಲೆಂದು ಕೇಳುವ ಪದ್ಧತಿಯುಂಟು. ಆ ತೀರ್ಪುಗಳನ್ನು ಕೂಡಿಸಲು ಸಾಮಾನ್ಯವಾಗಿ ಬಳಸುವುದು ಬ್ರ್ಯಾಡ್ಲಿ ಮತ್ತು ಟೆರ್ರಿ 1952ರಲ್ಲಿ ಮಂಡಿಸಿದ ಮಾದರಿ. ಅದು ಪ್ರತಿಯೊಂದಕ್ಕೂ ಒಂದು ಅಂಕ ಕೊಡುತ್ತದೆ. ಒಂದರ ಅಂಕ 3, ಇನ್ನೊಂದರದು 1 ಆದರೆ, ಮೊದಲನೆಯದು ನಾಲ್ಕರಲ್ಲಿ ಮೂರು ಸಲ ಗೆಲ್ಲುವುದೆಂಬ ಎಣಿಕೆ. ಚದುರಂಗದ ಆಟಗಾರರನ್ನು ಅಳೆಯುವ ಈಲೊ ಅಂಕವೂ ಇದರ ಬಂಧುವೇ.

ಆದರೆ ಅಂಕಗಳು ಏಣಿಯ ಮೆಟ್ಟಿಲುಗಳು, ಅವು ಸುತ್ತಲಾರವು. ಮೇಲಿನ ಸಭೆಯ ಮತಗಳನ್ನೆಲ್ಲ ಈ ಮಾದರಿಗೆ ಒಪ್ಪಿಸಿದರೆ ಅದು ಮೂರಕ್ಕೂ ಸಮಾನ ಅಂಕ ಕೊಟ್ಟು, ಪ್ರತಿ ಜೋಡಿಯಲ್ಲೂ ಗೆಲುವು ಅರ್ಧಕ್ಕರ್ಧ ಎನ್ನುತ್ತದೆ. ನಿಜದಲ್ಲಿ ಪ್ರತಿ ಜೋಡಿಯಲ್ಲೂ ಮೂರರಲ್ಲಿ ಎರಡು ಪಾಲು ಮತ ಒಂದೇ ಕಡೆಗಿತ್ತು. ಸ್ಪಷ್ಟವಾಗಿ ನುಡಿದವರ ಮಾತು ಲೆಕ್ಕದೊಳಗೆ ಕರಗಿಹೋಯಿತು.

ಕಾರ್ನೆಲ್ ವಿಶ್ವವಿದ್ಯಾಲಯದ ಶುವೊ ಚೆನ್ ಮತ್ತು ಥಾರ್ಸ್ಟನ್ ಜೋಕಿಮ್ಸ್ 2016ರಲ್ಲಿ ಇದಕ್ಕೊಂದು ದಾರಿ ತೋರಿದರು. ಅವರ ಮಾದರಿಯ ಹೆಸರು 'ಬ್ಲೇಡ್-ಚೆಸ್ಟ್', ಎಂದರೆ ಕತ್ತಿ ಮತ್ತು ಎದೆ. ಪ್ರತಿಯೊಬ್ಬ ಸ್ಪರ್ಧಿಗೂ ಒಂದೇ ಅಂಕದ ಬದಲು ಎರಡು ಸಂಖ್ಯಾಗುಚ್ಛಗಳು: ಒಂದು ಹೊಡೆತದ ಬಗೆಯನ್ನು, ಇನ್ನೊಂದು ದೌರ್ಬಲ್ಯದ ಜಾಗವನ್ನು ಹೇಳುತ್ತದೆ. ನನ್ನ ಕತ್ತಿ ನಿನ್ನ ಎದೆಗೆ ಎಷ್ಟು ಸಮೀಪ, ನಿನ್ನದು ನನ್ನ ಎದೆಗೆ ಎಷ್ಟು ಸಮೀಪ ಎಂಬುದರ ಮೇಲೆ ಗೆಲುವಿನ ಸಂಭವ ನಿಲ್ಲುತ್ತದೆ. ಕಲ್ಲು, ಕಾಗದ, ಕತ್ತರಿಯ ಆಟ ಇಲ್ಲಿ ತೊಡಕಿಲ್ಲದೆ ಹಿಡಿಸುತ್ತದೆ. ಹಳ್ಳಿಯ ಕಬಡ್ಡಿ ಬಲ್ಲವರಿಗೆ ಇದು ಹೊಸ ಮಾತಲ್ಲ: ಬಲಿಷ್ಠ ತಂಡಕ್ಕೂ ಒಗ್ಗದ ಎದುರಾಳಿಯೊಂದು ಇದ್ದೇ ಇರುತ್ತದೆ.

ಚಕ್ರವನ್ನು ಗುರುತಿಸಿದ ಮೇಲೆ ಆರಿಸುವುದಾದರೂ ಯಾವುದನ್ನು? ಗೂಗಲ್ ಡೀಪ್‌ಮೈಂಡ್‌ನ ಸಂಶೋಧಕರು 2023ರಲ್ಲಿ ಜಾನ್ ನ್ಯಾಶ್‌ನ ಆಟಸಿದ್ಧಾಂತದ ಸಮತೋಲನವನ್ನು ಚಾಟ್‌ಬಾಟ್ ತರಬೇತಿಗೆ ತಂದರು. ಬೇರಾವುದರ ಎದುರೂ ಸರಾಸರಿಯಲ್ಲಿ ಸೋಲದಂತಹ ಮಿಶ್ರಣವನ್ನು ಅದು ಹುಡುಕುತ್ತದೆ. ಶಾಲೆಯ ಉದಾಹರಣೆಗೆ ಅನ್ವಯಿಸಿದರೆ ಮೂರು ಯೋಜನೆಗಳಿಗೂ ಮೂರರಲ್ಲೊಂದು ಅವಕಾಶ. ದಿನಕ್ಕೆ ಸಾವಿರ ಸಲ ಉತ್ತರಿಸುವ ಯಂತ್ರಕ್ಕೆ ಈ ಹಂಚಿಕೆ ಒಪ್ಪುತ್ತದೆ. ಹಣ ಒಮ್ಮೆ ಮಾತ್ರ ಬರುವ ಶಾಲೆಗೆ ಅದು ಚೀಟಿ ಎತ್ತಿದಂತೆಯೇ.