ಹಿಡಿಯುವವನಿಗೆ ಸಂಬಳ ಬಂದ ಬಗೆ

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನಿಂದ ಬಂದ ವೀರಗಲ್ಲೊಂದಿದೆ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದು ಕಾದುವ ದೃಶ್ಯ. ಗಂಗರ ಎರೆಯಪ್ಪ ತನ್ನ ಸಾಮಂತ ನಾಗತ್ತರನನ್ನು ಅಯ್ಯಪದೇವನ ನೆರವಿಗೆ ದಂಡಿನೊಂದಿಗೆ ಕಳಿಸಿದ, ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆ ಎದುರಾಯಿತು, ಕಾಳಗ ಕೈಮೀರಿದಾಗ ನಾಗತ್ತರ ಆನೆಗೆ ಅಡ್ಡ ನಿಂತು ಇರಿದು ಸತ್ತ ಎನ್ನುತ್ತದೆ ಶಾಸನ. ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೇಗೂರೂ ಸೇರಿದಂತೆ 12 ಊರುಗಳನ್ನು ಕಲ್ನಾಡಾಗಿ, ಅಂದರೆ ವೀರನಿಗೆ ಸಲ್ಲುವ ಉಂಬಳಿಯಾಗಿ, ಬಿಟ್ಟುಕೊಟ್ಟ. ಸುಮಾರು ಸಾವಿರದ ನೂರು ವರ್ಷ ಹಳೆಯ ಈ ಬರಹದಲ್ಲಿ ನನ್ನ ಕಣ್ಣು ಪ್ರತಿಸಲ ನಿಲ್ಲುವುದು ಈ ಕೊನೆಯ ಮಾತಿನ ಮೇಲೆ. ನುಗ್ಗಿ ಬರುವವರನ್ನು ತಡೆಯುವ ಕೆಲಸಕ್ಕೆ ಹೊಗಳಿಕೆಯ ಜೊತೆಗೆ ಹೊಟ್ಟೆಪಾಡಿನ ಏರ್ಪಾಡೂ ಆಗಬೇಕೆಂದು ಆ ಕಾಲದ ಅರಸನಿಗೆ ಗೊತ್ತಿತ್ತು.

ಆಟದ ಬಯಲಿನಲ್ಲಿ ಈ ಏರ್ಪಾಡು ಅಷ್ಟು ಬೇಗ ಆಗಲಿಲ್ಲ. ಓಡುವವನಿಗೆ, ಹೊಡೆಯುವವನಿಗೆ ಜನ ಮೊದಲು ಚಪ್ಪಾಳೆ ತಟ್ಟುತ್ತಾರೆ. ತಡೆಯುವವನೂ ಅದರಿಂದಲೇ ಸಂಸಾರ ಸಾಗಿಸುವ ಮಟ್ಟಿಗೆ ದೊಡ್ಡ ವ್ಯವಸ್ಥೆ ಕಟ್ಟಿದ್ದು ಅಮೆರಿಕನ್ ಫುಟ್‌ಬಾಲ್. ಅಲ್ಲಿ 11 ಜನರ ರಕ್ಷಣಾ ಪಡೆಯಲ್ಲಿ ಮುಂದಿನ ಸಾಲಿನ ದೈತ್ಯರ ಬೆನ್ನಿಗೆ ನಿಲ್ಲುವವನು ಲೈನ್‌ಬ್ಯಾಕರ್. ಎದುರಾಳಿ ಚೆಂಡು ಹಿಡಿದು ಓಡುತ್ತಾನೋ, ದೂರಕ್ಕೆ ಎಸೆಯುತ್ತಾನೋ, ಕೊಟ್ಟಂತೆ ನಟಿಸಿ ತಾನೇ ಇಟ್ಟುಕೊಳ್ಳುತ್ತಾನೋ ಎಂಬುದನ್ನು ತನ್ನೆದುರಿನವರ ಮೊದಲ ಹೆಜ್ಜೆಯಿಂದಲೇ ಓದಬೇಕು. ಮೈಭಾರ ನೂರು ಕಿಲೋ ದಾಟಿದ್ದರೂ ಓಟ ಕುಂದುವಂತಿಲ್ಲ. 2008ರಿಂದ ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ರಕ್ಷಣಾ ಪಡೆಯ ಒಬ್ಬನ ಹೆಲ್ಮೆಟ್ಟಿನೊಳಗೆ ರೇಡಿಯೊ ಇಡಲು ಅನುಮತಿ ಇದೆ. ಹಿಂಬದಿಯಲ್ಲಿ ಹಸಿರು ಚುಕ್ಕಿ ಅಂಟಿಸಿಕೊಂಡ ಆತ ಹೆಚ್ಚಾಗಿ ಲೈನ್‌ಬ್ಯಾಕರೇ ಆಗಿರುತ್ತಾನೆ. ಕೋಚ್ ಹೇಳಿದ್ದನ್ನು ಉಳಿದ ಹತ್ತು ಮಂದಿಗೆ ಕೂಗಿ ಮುಟ್ಟಿಸುವುದೂ ಅವನದೇ ಕೆಲಸ. 1986ರಲ್ಲಿ ನ್ಯೂಯಾರ್ಕ್ ಜೈಂಟ್ಸ್‌ನ ಲಾರೆನ್ಸ್ ಟೇಲರ್ ಇಡೀ ಲೀಗಿನ ಅತ್ಯಮೂಲ್ಯ ಆಟಗಾರನಾದ. ತಡೆಯುವವನೊಬ್ಬ ಆ ಪಟ್ಟಕ್ಕೇರುವುದು ಅಲ್ಲಿಯೂ ಅಪರೂಪ.

ಈ ವೃತ್ತಿಯಲ್ಲಿ ಭಾರತದ ರಕ್ತವೂ ಇದೆ. ಬ್ರಾಂಡನ್ ಚಿಲ್ಲರ್ ಅವರ ತಂದೆ ಭಾರತದವರು. 1982ರಲ್ಲಿ ಹುಟ್ಟಿದ ಬ್ರಾಂಡನ್ ಕ್ಯಾಲಿಫೋರ್ನಿಯಾದ ಹೈಸ್ಕೂಲಿನಿಂದ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡಕ್ಕೆ, ಅಲ್ಲಿಂದ ವೃತ್ತಿಪರ ತಂಡಗಳು ಹೊಸಬರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 2004ರ ನಾಲ್ಕನೇ ಸುತ್ತಿನಲ್ಲಿ ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ, 2008ರಲ್ಲಿ ಗ್ರೀನ್ ಬೇ ಪ್ಯಾಕರ್ಸ್‌ಗೆ ಬಂದರು. 2011ರ ಫೆಬ್ರವರಿಯಲ್ಲಿ ಪ್ಯಾಕರ್ಸ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದಾಗ ಅವರು ಗಾಯಾಳುಗಳ ಪಟ್ಟಿಯಲ್ಲಿದ್ದರು. ಅದೇ ವರ್ಷ ತಂಡ ಅವರನ್ನು ಕೈಬಿಟ್ಟಿತು. ಹೈಸ್ಕೂಲು, ಕಾಲೇಜು, ಡ್ರಾಫ್ಟು, ಕರಾರು, ಗಾಯ, ವಿದಾಯ: ಲೈನ್‌ಬ್ಯಾಕರ್ ಒಬ್ಬನ ಬದುಕಿನ ಮೆಟ್ಟಿಲುಗಳೆಲ್ಲ ಇದರಲ್ಲಿವೆ. ಅವನ ಪ್ರತಿಭೆಗಿಂತ ಮೊದಲೇ ಮೆಟ್ಟಿಲುಗಳು ಅಲ್ಲಿ ಸಿದ್ಧವಾಗಿದ್ದವು ಎಂಬುದನ್ನು ಗಮನಿಸಬೇಕು.

2011ರಲ್ಲಿ ಎಲೀಟ್ ಫುಟ್‌ಬಾಲ್ ಲೀಗ್ ಆಫ್ ಇಂಡಿಯಾ ಎಂಬ ಸಾಹಸ ಘೋಷಣೆಯಾದಾಗ ಹಣ ಹೂಡಿದವರಲ್ಲಿ ಚಿಲ್ಲರ್ ಕೂಡ ಇದ್ದರು; ಕರ್ಟ್ ವಾರ್ನರ್, ಮೈಕ್ ಡಿಟ್ಕಾರಂಥ ದೊಡ್ಡ ಹೆಸರುಗಳೂ ಇದ್ದವು. 2012ರ ಮೊದಲ ಋತುವಿನ ಎಂಟು ತಂಡಗಳಲ್ಲಿ ನಮ್ಮೂರಿನದೂ ಒಂದು, ಬ್ಯಾಂಗಲೋರ್ ವಾರ್‌ಹಾಕ್ಸ್. ಹೆಲ್ಮೆಟ್ ಬಂತು, ಭುಜಕವಚ ಬಂತು, ಟಿವಿ ಬಂತು. ಆದರೆ ಆ ಆಟ ಆಡಿ ಬೆಳೆಯಲು ಶಾಲೆ ಇರಲಿಲ್ಲ, ಕಾಲೇಜು ತಂಡ ಇರಲಿಲ್ಲ, ಆಟ ಕಲಿಯುವ ವರ್ಷಗಳಲ್ಲಿ ಹುಡುಗನನ್ನು ಸಾಕುವವರಿರಲಿಲ್ಲ. ಲೀಗ್ ಬೇರು ಬಿಡಲಿಲ್ಲ. ಅದನ್ನು ಆಡಿದ ಹುಡುಗರ ಕೆಚ್ಚಿನ ಬಗ್ಗೆ ನನಗೆ ಗೌರವವಿದೆ. ಮೇಲಿನ ಮೆಟ್ಟಿಲನ್ನು ಮೊದಲು ಕಟ್ಟಿ ಕೆಳಗಿನದನ್ನು ಆಮೇಲೆ ನೋಡೋಣವೆಂದ ಲೆಕ್ಕಾಚಾರವೇ ತಪ್ಪು.

ಹಾಗಿದ್ದರೆ ನಮ್ಮಲ್ಲಿ ಲೈನ್‌ಬ್ಯಾಕರ್ ಯಾರು? ಯಾವ ಊರಿನ ಹೊನಲು ಬೆಳಕಿನ ಪಂದ್ಯಾವಳಿಗೆ ಹೋದರೂ ಅಂಕಣದ ಮೂಲೆಯಲ್ಲಿ ಮಂಡಿ ಬಗ್ಗಿಸಿ ನಿಂತಿರುತ್ತಾನೆ: ಕಬಡ್ಡಿಯ ಕಾರ್ನರ್, ಊರವರ ಬಾಯಲ್ಲಿ ಕ್ಯಾಚರ್. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ, ತಂಡಕ್ಕೆ ಏಳು ಜನ, ಒಂದು ರೈಡಿಗೆ 30 ಸೆಕೆಂಡು. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚುವ ಕ್ಷಣವೇ ಕಾರ್ನರ್ ಕಾದು ಕೂತ ಕ್ಷಣ. ರೈಡರನ ಒಂದು ಪಾದ ಗೆರೆಯಾಚೆ ಊರುತ್ತಿದೆ, ಇನ್ನೊಂದು ಇನ್ನೂ ಗಾಳಿಯಲ್ಲಿದೆ. ಕಾರ್ನರ್ ಮುಂದಕ್ಕೆ ಬಿದ್ದು ಎರಡೂ ಕೈಯಿಂದ ಆ ಗೆರೆಯಾಚೆಯ ಪಾದದ ಗಿಣ್ಣಿಗೆ ಬೀಗ ಹಾಕುತ್ತಾನೆ, ಮಂಡಿ ಬಡಿಯದಂತೆ ಮುಖವನ್ನು ಪಕ್ಕಕ್ಕೆ ಹೊರಳಿಸುತ್ತಾನೆ. ಅಷ್ಟರಲ್ಲಿ ರಕ್ಷಣಾ ಸಾಲಿನ ಒಳಭಾಗದಲ್ಲಿ ನಿಲ್ಲುವ ಕವರ್‌ನವನು ಎದೆಯೊಡ್ಡಿ ಹಿಂದಿರುಗುವ ದಾರಿ ಮುಚ್ಚಬೇಕು. ಅರ್ಧ ಕ್ಷಣ ಮೊದಲು ಹಾರಿದರೆ ಅಡ್ವಾನ್ಸ್ ಟ್ಯಾಕಲ್ ಅನ್ನಿಸಿಕೊಂಡು ಪಾಯಿಂಟ್ ಹೋಗುತ್ತದೆ. ಅರ್ಧ ಕ್ಷಣ ತಡವಾದರೆ ಕೈಗೆ ಸಿಗುವುದು ಮಣ್ಣು. ಕವಚವಿಲ್ಲ, ಹೆಲ್ಮೆಟ್ಟಿಲ್ಲ. ರೇಡಿಯೊದಲ್ಲಿ ಹೇಳಿಕೊಡುವವರೂ ಇಲ್ಲ, ಪಕ್ಕದವನ ಕೈ ಹಿಡಿದ ಬಿಗಿಯೇ ಸೂಚನೆ.

ಈ ಕ್ಯಾಚರನಿಗೆ ಸಂಬಳ ಕೊಟ್ಟವರು ಮೊದಲು ಬ್ಯಾಂಕಿನವರು, ರೈಲ್ವೆಯವರು, ಪೊಲೀಸ್ ಇಲಾಖೆಯವರು, ಸಾರ್ವಜನಿಕ ಉದ್ದಿಮೆಗಳವರು. ಕ್ರೀಡಾ ಕೋಟಾದಲ್ಲಿ ಕೆಲಸ. ಬೆಳಗ್ಗೆ ಅಭ್ಯಾಸ, ಆಮೇಲೆ ಕಚೇರಿ, ಪಂದ್ಯಾವಳಿ ಬಂದರೆ ಡ್ಯೂಟಿ ಮೇಲೆ ರಜೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ವಿಜಯ ಬ್ಯಾಂಕ್ ಎಂಬ ಹೆಸರು ಹೊತ್ತ ಜೆರ್ಸಿ ಕಂಡರೆ ಪಂದ್ಯಾವಳಿಗೆ ಬಂದ ಹಳ್ಳಿ ತಂಡಗಳು ಎಚ್ಚರಾಗುತ್ತಿದ್ದ ಕಾಲವದು. ಆಡುವ ವಯಸ್ಸು ಮುಗಿದರೂ ನೌಕರಿ ಉಳಿಯುತ್ತಿತ್ತು, ಪಿಂಚಣಿ ಬರುತ್ತಿತ್ತು. ಕರ್ನಾಟಕದ ಸಿ. ಹೊನ್ನಪ್ಪ ಅವರಿಗೆ 2000ದ, ಬಿ.ಸಿ. ರಮೇಶ್ ಅವರಿಗೆ 2001ರ ಅರ್ಜುನ ಪ್ರಶಸ್ತಿ ಬಂದದ್ದು ಈ ಕಾಲದಲ್ಲಿ. ಹರಾಜು, ಕೋಟಿ ಯಾವುದೂ ಆಗ ಇರಲಿಲ್ಲ.

2014ರ ಜುಲೈ 26ರಂದು ಪ್ರೊ ಕಬಡ್ಡಿ ಶುರುವಾಯಿತು. ಆ ವರ್ಷದ ಹರಾಜಿನಲ್ಲಿ ಅತಿ ಹೆಚ್ಚು ಸಿಕ್ಕಿದ್ದು ರಾಕೇಶ್ ಕುಮಾರ್ ಅವರಿಗೆ, 12.8 ಲಕ್ಷ ರೂಪಾಯಿ. ಬೆಂಗಳೂರು ಬುಲ್ಸ್‌ನ ಮೊದಲ ನಾಯಕ ಮಂಜೀತ್ ಛಿಲ್ಲರ್ ಮೂಲತಃ ಹಿಡಿತಕ್ಕೇ ಹೆಸರಾದವರು. ಗ್ರೀನ್ ಬೇಯ ಲೈನ್‌ಬ್ಯಾಕರ್‌ಗೂ ಬೆಂಗಳೂರಿನ ಈ ನಾಯಕರಿಗೂ ಮನೆತನದ ಹೆಸರು ಒಂದೇ ಇರುವುದು ಎಂಥ ಸೊಗಸಾದ ಕಾಕತಾಳೀಯ! 2015ರಲ್ಲಿ ಬುಲ್ಸ್ ಫೈನಲ್‌ನಲ್ಲಿ ಯು ಮುಂಬಾಗೆ ಸೋತರೂ ಮಂಜೀತ್ ಆ ಋತುವಿನ ಅತ್ಯಮೂಲ್ಯ ಆಟಗಾರರಾದರು. ಇನ್ನು 2018ರ ಹರಾಜಿನಲ್ಲಿ ಲೀಗಿನ ಮೊದಲ ಕೋಟಿ ರೂಪಾಯಿ ಬಿದ್ದದ್ದು ರೈಡರ್ ಮೇಲಲ್ಲ. ಇರಾನಿನ ಲೆಫ್ಟ್ ಕಾರ್ನರ್ ಫಜಲ್ ಅತ್ರಾಚಲಿ ಮೇಲೆ. ಕ್ಯಾಚರುಗಳ ಮಟ್ಟಿಗೆ ಅದು ಹಬ್ಬದ ದಿನ. ಐದೇ ವರ್ಷದಲ್ಲಿ, 2023ರಲ್ಲಿ, ರೈಡರ್ ಪವನ್ ಸೆಹ್ರಾವತ್ ಬೆಲೆ 2.6 ಕೋಟಿ ದಾಟಿತು.

ಹೆಣ್ಣುಮಕ್ಕಳ ಕಥೆ ಬೇರೆ. 2016ರ ಮಹಿಳಾ ಕಬಡ್ಡಿ ಚಾಲೆಂಜ್‌ನ ಫೈನಲ್‌ನಲ್ಲಿ ಎದುರಾದ ಎರಡೂ ತಂಡಗಳ ನಾಯಕಿಯರು ಕನ್ನಡತಿಯರು, ತೇಜಸ್ವಿನಿ ಬಾಯಿ ಮತ್ತು ಕಾರ್ಕಳ ಸೀಮೆಯ ಹೆರ್ಮುಂಡೆಯ ಮಮತಾ ಪೂಜಾರಿ. ತೇಜಸ್ವಿನಿ ಅವರ ಸ್ಟಾರ್ಮ್ ಕ್ವೀನ್ಸ್ ಗೆದ್ದಿತು, ಆ ಚಾಲೆಂಜ್ ಮಾತ್ರ ಮುಂದುವರಿಯಲಿಲ್ಲ. ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಮಮತಾ ಅವರನ್ನು ಹೊತ್ತು ನಡೆದದ್ದು ರೈಲ್ವೆ ನೌಕರಿಯೇ.

ಪ್ರೊ ಕಬಡ್ಡಿ ಲೀಗ್ ಬೆಳೆಯುತ್ತಿದ್ದ ಹೊತ್ತಿನಲ್ಲೇ ಕೆಳಗಿನ ಮೆಟ್ಟಿಲು ಸವೆಯಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನೊಳಗೆ ಕರಗಿತು. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಸೇರಿತು. ಆ ಎರಡು ಜೆರ್ಸಿಗಳು ಅಂಕಣದಿಂದ ಮರೆಯಾದವು. ಬುಲ್ಸ್ 2019ರ ಜನವರಿಯಲ್ಲಿ ಗುಜರಾತನ್ನು 38-33ರಿಂದ ಸೋಲಿಸಿ ಕಪ್ ಎತ್ತಿದಾಗ ನಾವೆಲ್ಲ ಕುಣಿದೆವು. ಆ ಗೆಲುವಿನ ದೊಡ್ಡ ತಾರೆಯರು ಉತ್ತರದವರು. ಕರ್ನಾಟಕ ಈ ಲೀಗಿಗೆ ಕೊಟ್ಟ ಅತಿ ದೊಡ್ಡ ಕೊಡುಗೆ ಬಿ.ಸಿ. ರಮೇಶ್ ಅವರ ಕೋಚ್‌ಗಿರಿ: 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ಅವರ ಕೈಕೆಳಗೆ ಗೆದ್ದವು. ಹಳೆಯ ಮೆಟ್ಟಿಲು ಹತ್ತಿ ಬಂದವರ ಫಲವನ್ನು ಹೊಸ ಲೀಗ್ ಇಂದಿಗೂ ಉಣ್ಣುತ್ತಿದೆ.

ಹಿಡಿಯುವವನ ಮೈ ಬೇಗ ಸವೆಯುತ್ತದೆ ಎಂಬುದನ್ನೂ ಹೇಳಲೇಬೇಕು. ಇಪ್ಪತ್ತು ಋತು ಆಡಿದ ಲೈನ್‌ಬ್ಯಾಕರ್ ಜೂನಿಯರ್ ಸೆಯಾವ್ 2012ರಲ್ಲಿ ತೀರಿಕೊಂಡರು. ಪದೇಪದೇ ತಲೆಗೆ ಬೀಳುವ ಪೆಟ್ಟಿನಿಂದ ಬರುವ ಮೆದುಳಿನ ಕಾಯಿಲೆ ಅವರಲ್ಲಿತ್ತೆಂದು ಆಮೇಲೆ ಪರೀಕ್ಷೆಯಿಂದ ತಿಳಿಯಿತು. ಕಬಡ್ಡಿಯಲ್ಲಿ ಮಂಡಿಯ ಲಿಗಮೆಂಟು, ಭುಜದ ಕೀಲು ಹೋಗುತ್ತವೆ. ಒಂದು ಋತುವಿನ ಕರಾರಿನ ಮೇಲೆ ನಿಂತ ಹುಡುಗ ಆಗ ಯಾರ ಮನೆ ಬಾಗಿಲು ತಟ್ಟಬೇಕು?

ಉತ್ತರಕ್ಕಾಗಿ ಮತ್ತೆ ಆ ವೀರಗಲ್ಲಿನ ಊರಿಗೇ ಬರೋಣ. ಬೇಗೂರು 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿದ ಊರು. ಎಲೆಕ್ಟ್ರಾನಿಕ್ ಸಿಟಿ ಹತ್ತಿರವೇ ಇದೆ. ಬ್ಯಾಂಕುಗಳು ಬಿಟ್ಟ ಜಾಗ ತುಂಬುವ ಶಕ್ತಿ ಈ ಸುತ್ತಿನಲ್ಲಿ ಯಾರಿಗಾದರೂ ಇದ್ದರೆ ಅಲ್ಲಿನ ಕಂಪನಿಗಳಿಗೆ. 2013ರ ಕಂಪನಿ ಕಾಯ್ದೆ ಸಾಮಾಜಿಕ ಹೊಣೆಯ ಹಣವನ್ನು ಗ್ರಾಮೀಣ ಕ್ರೀಡೆಯ ತರಬೇತಿಗೆ ಬಳಸಲು ಅವಕಾಶ ಕೊಟ್ಟಿದೆ. ಮ್ಯಾಟು, ತರಬೇತುದಾರ, ಫಿಸಿಯೋ ಅದರಿಂದ ಬರಬಹುದು. ಆದರೆ ಟ್ರೋಫಿ ಪ್ರಾಯೋಜಿಸಿ, ಬ್ಯಾನರ್ ಕಟ್ಟಿಸಿಕೊಂಡು ಕೈತೊಳೆದುಕೊಂಡರೆ ಸಾಲದು. ಒಂದೊಂದು ಕಂಪನಿ ಒಂದೊಂದು ಕಬಡ್ಡಿ ತಂಡವನ್ನು, ಗಂಡುಮಕ್ಕಳದೂ ಹೆಣ್ಣುಮಕ್ಕಳದೂ, ತನ್ನ ನೌಕರರ ಪಟ್ಟಿಗೆ ಸೇರಿಸಿಕೊಳ್ಳಲಿ. ತಿಂಗಳ ಸಂಬಳ, ಆಸ್ಪತ್ರೆ ವಿಮೆ, ಆಟ ಮುಗಿದ ಮೇಲೆ ಮಾಡಲೊಂದು ಕೆಲಸ, ಈ ಮೂರನ್ನು ಬರಹದಲ್ಲಿ ಕೊಡಲಿ. ಈ ಕಂಪನಿಗಳಲ್ಲಿ ದುಡಿಯುವ ಓದುಗರೇ, ಮುಂದಿನ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ನಿಮ್ಮ ಮಾನವ ಸಂಪನ್ಮೂಲ ವಿಭಾಗ ಸಲಹೆ ಕೇಳಿದಾಗ ಇದನ್ನು ಬರೆದುಕೊಡಿ.